ಮುಚ್ಚಂಜೆಯ ಐದು ನಿಮಿಷ: ಎಳೆಯ ಮಕ್ಕಳಿಗೆ ಮನೆಯಲ್ಲೇ ಮಂತ್ರಪಾಠ

ಕಲಬುರಗಿಯ ಖೂಬಾ ಪ್ಲಾಟಿನ ಎಳೆಯ ತಾಯ್ತಂದೆಯರು ಸಿಕ್ಕಾಗಲೆಲ್ಲ ಒಂದು ಮಾತು ಕೇಳುತ್ತಾರೆ: "ನಮ್ಮ ಕೂಸಿಗೆ ಮಂತ್ರ, ಶ್ಲೋಕ ಯಾವಾಗಿಂದ ಕಲಿಸ್ಬೇಕ್ರಿ? ಹ್ಯಾಂಗ ಕಲಿಸ್ಬೇಕ್ರಿ?" ಕೇಳುವವರಲ್ಲಿ ಬಹಳ ಮಂದಿ ಜೇವರ್ಗಿ, ಸೇಡಂ, ಆಳಂದ, ಅಫಜಲಪುರ ಕಡೆಯ ಹಳ್ಳಿಗಳಲ್ಲಿ ಬೆಳೆದು ನೌಕರಿಗೆಂದು ಕಲಬುರಗಿಗೆ ಬಂದು ನೆಲೆಸಿದವರು. ಇವರನ್ನು ಯಾರೂ ಕೂರಿಸಿಕೊಂಡು ಮಂತ್ರ ಕಲಿಸಿದ್ದಿಲ್ಲ. ಮುತ್ಯಾ ಬೆಳಗಿನ ಜಾವ ವಿಭೂತಿ ಧರಿಸಿ ಲಿಂಗಪೂಜೆಗೆ ಕೂತಾಗ ಕಿವಿಗೆ ಬಿದ್ದದ್ದು, ಆಯಿ ಬತ್ತಿ ಹೊಸೆಯುತ್ತ ತನ್ನಷ್ಟಕ್ಕೆ ಅಂದುಕೊಂಡದ್ದು ತಾನೇ ಬಾಯಿಗೆ ಬಂದಿತ್ತು. ಈಗ ಮುತ್ಯಾ, ಆಯಿ ಊರಲ್ಲಿದ್ದಾರೆ. ಗಂಡ ಹೆಂಡತಿ ಇಬ್ಬರೂ ಡ್ಯೂಟಿಗೆ ಹೋಗುತ್ತಾರೆ, ಕೂಸು ಫ್ಲ್ಯಾಟಿನಲ್ಲಿ ಬೆಳೆಯುತ್ತಿದೆ. ಹಿಂದೆ ತಾನಾಗಿ ಆಗುತ್ತಿದ್ದದ್ದನ್ನು ಈಗ ತಿಳಿದು ಮಾಡಬೇಕಾಗಿದೆ.

ನನ್ನ ಉತ್ತರ ಇಷ್ಟೇ: ಕೂಸಿಗೆ ಕಲಿಸುವ ಮಾತು ಆಮೇಲೆ, ಮೊದಲು ನೀವು ಹೇಳಲು ಶುರು ಮಾಡಿ. ಕೂಸನ್ನು ಎದುರಿಗೆ ಕೂರಿಸಿ "ಅನ್ನು, ಅನ್ನು" ಎನ್ನುವ ಮನೆಯಲ್ಲಿ ಮಂತ್ರ ಒಂದು ಹೋಂವರ್ಕ್ ಆಗುತ್ತದೆ. ಅಪ್ಪನೋ ಅವ್ವನೋ ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ತಮ್ಮ ಸಲುವಾಗಿಯೇ ಹೇಳಿಕೊಳ್ಳುವ ಮನೆಯಲ್ಲಿ ಕೂಸು ಬಂದು ತೊಡೆಯ ಮೇಲೆ ಕೂರುತ್ತದೆ, ಕೆಲವು ವಾರಗಳಲ್ಲಿ ತಾನೂ ದನಿಗೂಡಿಸುತ್ತದೆ. ದೊಡ್ಡವರಿಗೆ ಇಲ್ಲದ ನಿಷ್ಠೆಯನ್ನು ಸಣ್ಣವರಿಗೆ ಕಲಿಸಲು ಹೊರಟರೆ ಅದು ನಡೆಯುವುದಿಲ್ಲ. ಮಕ್ಕಳು ಅದನ್ನು ಥಟ್ಟನೆ ಗುರುತಿಸುತ್ತಾರೆ.

ಕಿವಿ ಎಷ್ಟು ಬೇಗ ಕೆಲಸ ಶುರು ಮಾಡುತ್ತದೆ ಎಂಬುದಕ್ಕೆ ಒಂದು ಪ್ರಯೋಗವನ್ನು ಹೇಳಬೇಕು. ಅಮೆರಿಕದ ನಾರ್ತ್ ಕೆರೊಲಿನಾದ ಆಂಥನಿ ಡಿಕ್ಯಾಸ್ಪರ್ ಮತ್ತು ಮೆಲನಿ ಸ್ಪೆನ್ಸ್ 1986ರಲ್ಲಿ ಇದನ್ನು ಪ್ರಕಟಿಸಿದರು. ಬಸಿರಿನ ಕೊನೆಯ ಆರು ವಾರ ತಾಯಂದಿರು ಒಂದೇ ಕಥೆಯನ್ನು ದಿನಕ್ಕೆ ಎರಡು ಸಲ ಗಟ್ಟಿಯಾಗಿ ಓದಿದರು. ಹುಟ್ಟಿದ ಮೇಲೆ ಆ ಶಿಶುಗಳಿಗೆ ಹಳೆಯ ಕಥೆ, ಹೊಸ ಕಥೆ ಎರಡನ್ನೂ ಕೇಳಿಸಿದಾಗ, ಚೀಪುವ ವೇಗವನ್ನು ಬದಲಿಸಿ ಹಳೆಯ ಕಥೆಯನ್ನೇ ಆರಿಸಿಕೊಂಡವು. ಓದುತ್ತಿದ್ದುದು ಸ್ವಂತ ತಾಯಿಯೋ ಬೇರೆ ಹೆಂಗಸೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ಅವು ಗುರುತಿಸಿದ್ದು ಆ ಮಾತಿನ ನಡೆಯನ್ನು, ಅದರ ಏರಿಳಿತವನ್ನು. ಬಸುರಿ ಸೊಸೆ ದಿನಾ ಸ್ತೋತ್ರ ಹೇಳಲಿ ಎಂದು ನಮ್ಮ ಹಿರಿಯರು ಬಯಸುವುದು ಬರೀ ಭಾವುಕತೆ ಅಲ್ಲ. ಅರ್ಥ ತಿಳಿಯುವುದಕ್ಕೆ ಬಹಳ ಮುಂಚೆಯೇ ಕೂಸು ಲಯವನ್ನು ಹಿಡಿದಿರುತ್ತದೆ.

ಯಾವುದನ್ನು ಆರಿಸುವುದು

ಒಂದನ್ನೇ ಆರಿಸಿ. ಸಣ್ಣದನ್ನು ಆರಿಸಿ. ನಿಮ್ಮ ಮನೆತನದಲ್ಲಿ ಬಂದಿರುವುದನ್ನೇ ಆರಿಸಿ. ಹತ್ತು ಶ್ಲೋಕಗಳ ಪಟ್ಟಿ ಮಾಡಿಕೊಂಡು ವಾರಕ್ಕೊಂದರಂತೆ ಮುಗಿಸುವ ಉತ್ಸಾಹ ಎರಡು ತಿಂಗಳಿಗೆ ಬತ್ತಿಹೋಗುತ್ತದೆ. ಒಂದೇ ಮಂತ್ರವನ್ನು ಆರು ತಿಂಗಳು ಹೇಳಿದ ಮಗುವಿಗೆ ಅದು ತನ್ನದೆನಿಸುತ್ತದೆ.

ಈ ಊರಿನಲ್ಲಿ ಆಯ್ಕೆಗೆ ಕೊರತೆ ಇಲ್ಲ. ಶರಣಬಸವೇಶ್ವರರ (1746–1822) ಊರಿದು. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಗೆ ಬಂದು ದಾಸೋಹ ನಡೆಸಿದ ಮಹಾಂತ ಅವರು. ಲಿಂಗಾಯತ ಮನೆಗಳಲ್ಲಿ ಪಂಚಾಕ್ಷರಿಯೇ ಮೊದಲು: ನಮಃ ಶಿವಾಯ, ಓಂ ಸೇರಿದರೆ ಷಡಕ್ಷರಿ. ಅಷ್ಟಾವರಣಗಳಲ್ಲಿ ಗುರು, ಲಿಂಗ, ಜಂಗಮ, ವಿಭೂತಿ, ರುದ್ರಾಕ್ಷಿಗಳ ಜೊತೆ ಮಂತ್ರವೂ ಒಂದು ಆವರಣ. ಹೆಣ್ಣುಮಗು ಗಂಡುಮಗು ಎಂಬ ಭೇದ ಇಲ್ಲಿಲ್ಲ. ಎರಡೂವರೆ ವರ್ಷದ ಕೂಸಿಗೆ ಇದಕ್ಕಿಂತ ಒಗ್ಗುವ ಮಂತ್ರ ನನಗೆ ಗೊತ್ತಿಲ್ಲ. ಐದೇ ಅಕ್ಷರ, ಒಂದು ಕೈಯ ಬೆರಳುಗಳಲ್ಲಿ ಮುಗಿಯುತ್ತದೆ.

ಅದರ ಬೆನ್ನಿಗೆ ವಚನ. ವಚನ ಮಂತ್ರವೇ ಎಂದು ವಾದ ಮಾಡುವವರಿದ್ದಾರೆ. ದಿನಾ ಹೇಳುವ ಮನೆಗಳಲ್ಲಿ ಅದು ಮಂತ್ರದ ಕೆಲಸವನ್ನೇ ಮಾಡುತ್ತದೆ, ನನಗೆ ಅಷ್ಟು ಸಾಕು. ವಚನ ಕಲಿಸಲು ಒಂದು ಸುಲಭ ದಾರಿ ಇದೆ: ಮೊದಲು ಅಂಕಿತವನ್ನು ಮಾತ್ರ ಮಗುವಿನ ಪಾಲಿಗೆ ಬಿಡಿ. ಬಸವಣ್ಣನವರ ವಚನವನ್ನು ಅಪ್ಪ ಹೇಳಿ ಕೊನೆಗೆ ನಿಲ್ಲಿಸಿದರೆ ಮಗು "ಕೂಡಲಸಂಗಮದೇವ" ಎಂದು ಮುಗಿಸುತ್ತದೆ. ಅಕ್ಕನದಾದರೆ "ಚೆನ್ನಮಲ್ಲಿಕಾರ್ಜುನ", ಅಲ್ಲಮನದಾದರೆ "ಗುಹೇಶ್ವರ". ಮೂರು ವರ್ಷದ ಮಕ್ಕಳು ಆ ಸರದಿಗಾಗಿ ಕಾಯುತ್ತಾರೆ, ಬಂದೊಡನೆ ಜೋರಾಗಿ ಅನ್ನುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಅಂಕಿತದ ಹಿಂದಿನ ಸಾಲೂ ಅವರದಾಗಿರುತ್ತದೆ, ಆಮೇಲೆ ಅದರ ಹಿಂದಿನದು. ಹೀಗೆ ಕೊನೆಯಿಂದ ಮೊದಲಿಗೆ ಕಲಿತ ವಚನ ನಡುವೆ ತಪ್ಪುವುದು ಕಡಿಮೆ. ಹೇಳುತ್ತ ಹೋದಂತೆ ಚೆನ್ನಾಗಿ ಗೊತ್ತಿರುವ ಭಾಗವೇ ಮುಂದೆ ಸಿಗುತ್ತದಲ್ಲ! ವಿಜಯಪುರದ ಫ. ಗು. ಹಳಕಟ್ಟಿಯವರು ಮನೆ ಮನೆ, ಮಠ ಮಠ ಅಲೆದು ಓಲೆಗರಿ ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ' ತರದಿದ್ದರೆ ಇವತ್ತು ನಾವು ಆರಿಸಿಕೊಳ್ಳಲು ಇಷ್ಟೊಂದು ವಚನಗಳು ಇರುತ್ತಿರಲಿಲ್ಲ. ಮಗುವಿಗೆ ಐದು ವರ್ಷವಾದಾಗ ಈ ಕಥೆಯನ್ನೂ ಹೇಳಿ.

ಗುರುವಾರ ಗಾಣಗಾಪುರಕ್ಕೆ ಹೋಗಿ ಬರುವ ದತ್ತಭಕ್ತರ ಮನೆಗಳಲ್ಲಿ ಮಕ್ಕಳು ದತ್ತನಾಮದಿಂದ ಶುರು ಮಾಡುತ್ತಾರೆ. ಭೀಮಾ ಅಮರಜಾ ಸಂಗಮದಲ್ಲಿ ಮಿಂದು, ನಿರ್ಗುಣ ಪಾದುಕೆಯ ದರ್ಶನ ಮಾಡಿ, ಜನ ಒಟ್ಟಿಗೆ ನಾಮ ಹೇಳುವುದನ್ನು ಒಮ್ಮೆ ಕೇಳಿದ ಮಗುವಿಗೆ ಮನೆಯಲ್ಲಿ ಬೇರೆ ಪಾಠ ಬೇಕಾಗುವುದಿಲ್ಲ. ಮಳಖೇಡದ ಉತ್ತರಾದಿ ಮಠಕ್ಕೆ ನಡೆದುಕೊಳ್ಳುವ ಮಾಧ್ವರ ಮನೆಗಳಲ್ಲಿ ಸಣ್ಣ ಶ್ಲೋಕಗಳು, ದಾಸರ ಪದಗಳು ಇವೆ. ಬೆಳಿಗ್ಗೆ ಅಂಗೈ ನೋಡಿಕೊಂಡು ಹೇಳುವ 'ಕರಾಗ್ರೇ ವಸತೇ', ದೀಪ ಹಚ್ಚಿ ಹೇಳುವ 'ಶುಭಂ ಕರೋತಿ' ಈ ಗಡಿನಾಡಿನಲ್ಲಿ ಜಾತಿ ಕೇಳದೆ ಬಹಳ ಮನೆಗಳಲ್ಲಿವೆ.

ಅದೇ ಮಳಖೇಡ, ರಾಷ್ಟ್ರಕೂಟರ ಮಾನ್ಯಖೇಟ, ಜೈನರಿಗೂ ಪೂಜ್ಯ ಸ್ಥಳ. ಜೈನ ಮನೆಗಳ ಮಕ್ಕಳು ಣಮೋಕಾರವನ್ನು ಐದು ನಮಸ್ಕಾರಗಳಾಗಿ, ಬೆರಳಿಗೊಂದರಂತೆ ಮಡಚಿ ಕಲಿಯುತ್ತಾರೆ. ಸೇಡಂ ರಸ್ತೆಯ ಬುದ್ಧ ವಿಹಾರ 2009ರಲ್ಲಿ ಅಂದಿನ ರಾಷ್ಟ್ರಪತಿ ಪ್ರತಿಭಾ ಪಾಟೀಲರಿಂದ ಉದ್ಘಾಟನೆಯಾಯಿತು. ಬೌದ್ಧ ಮನೆಗಳಲ್ಲಿ ಮಕ್ಕಳ ಮೊದಲ ಪಾಠ ಪಾಲಿಯ ತ್ರಿಶರಣ, ಆಮೇಲೆ ಪಂಚಶೀಲ. ತ್ರಿಶರಣವನ್ನು ಮೂರು ಆವೃತ್ತಿ ಹೇಳುವ ಕ್ರಮ ಇದೆಯಲ್ಲ, ಅದು ಮಕ್ಕಳ ಬಾಯಿಗೆ ಹೇಳಿ ಮಾಡಿಸಿದ್ದು. ಖಾಜಾ ಬಂದೇನವಾಜರ ದರ್ಗಾದ ಈ ಊರಿನಲ್ಲಿ, ಮುಸ್ಲಿಂ ಮನೆಗಳಲ್ಲಿ ಮಗುವಿಗೆ ನಾಲ್ಕು ವರ್ಷ ನಾಲ್ಕು ತಿಂಗಳು ನಾಲ್ಕು ದಿನ ತುಂಬಿದಾಗ ಬಿಸ್ಮಿಲ್ಲಾ ಓದಿಸುವ ಹಳೆಯ ಪದ್ಧತಿ ಇದೆ. ಎಲ್ಲರೂ ಹೆಚ್ಚುಕಡಿಮೆ ಅದೇ ವಯಸ್ಸಿಗೆ, ಅದೇ ದಾರಿಯಲ್ಲಿ ಬಂದು ಸೇರಿದ್ದಾರೆ: ಕಿವಿಯಿಂದ ಬಾಯಿಗೆ, ಸಣ್ಣ ಸಣ್ಣ ತುಂಡಾಗಿ, ಮನೆಯವರ ನಡುವೆ ಕೂತು. ಪಕ್ಕದ ಮನೆಯ ಗೆಳೆಯ ಏನು ಹೇಳುತ್ತಾನೆ ಎಂದು ಮಗು ಕೇಳಿದರೆ ನೇರವಾಗಿ ಹೇಳಿ. "ಅವರ ಮನೆಯಲ್ಲಿ ಹಾಗೆ ದೇವರನ್ನು ನೆನೆಯುತ್ತಾರೆ" ಎಂಬುದು ನಾಲ್ಕು ವರ್ಷದವರಿಗೆ ಸಾಕಾಗುವ ಮಾತು.

ಹೊತ್ತು ಮತ್ತು ಜಾಗ

ಬೆಳಿಗ್ಗೆ ಒಳ್ಳೆಯದು ಎನ್ನುತ್ತಾರೆ. ಒಳ್ಳೆಯದೇ. ಆದರೆ ಎಂಟಕ್ಕೆ ಶಾಲೆಯ ವ್ಯಾನು ಬರುವ ಮನೆಯಲ್ಲಿ ಬೆಳಗಿನ ಮಂತ್ರ ಎಂದರೆ ಬಾಯಲ್ಲಿ ತುತ್ತು, ಒಂದು ಕಾಲಲ್ಲಿ ಸಾಕ್ಸು, ಅವ್ವನ ಗದರಿಕೆ. ಅಂಥ ಮನೆಗಳಿಗೆ ಮುಚ್ಚಂಜೆಯೇ ಸರಿ. ಕಲಬುರಗಿಯಲ್ಲಿ ಚಳಿಗಾಲಕ್ಕೆ ಆರಕ್ಕೂ ಮೊದಲೇ, ಬೇಸಿಗೆಯಲ್ಲಿ ಏಳರ ಹತ್ತಿರ ಹೊತ್ತು ಮುಳುಗುತ್ತದೆ. ಗಡಿಯಾರಕ್ಕಿಂತ ದೀಪಕ್ಕೆ ಗಂಟು ಹಾಕಿ: ಕೈಕಾಲು ಮುಖ ತೊಳೆ, ದೀಪ ಹಚ್ಚು, ಮಂತ್ರ ಹೇಳು. ಈ ಮೂರೂ ಒಂದರ ಹಿಂದೆ ಒಂದು ಬಂದರೆ ಮಗುವಿಗೆ ನೆನಪಿಸುವ ಗೋಜಿಲ್ಲ. ಅಪ್ಪ ಅವ್ವ ಮನೆ ಸೇರುವುದೇ ಏಳೂವರೆಗೆ ಎಂದಾದರೆ ಊಟಕ್ಕೆ ಮೊದಲಿನ ಐದು ನಿಮಿಷ ಇಟ್ಟುಕೊಳ್ಳಿ. ದಿನಾ ಅದೇ ಆಗಲಿ.

ದೇವರ ಕೋಣೆಯೇ ಇರಬೇಕೆಂದಿಲ್ಲ. ಅಡುಗೆಮನೆಯ ಗೋಡೆಗೆ ಒಂದು ದೇವರ ಜಗಲಿ, ಕೆಳಗೆ ಒಂದು ಚಾಪೆ ಸಾಕು. ಏಪ್ರಿಲ್, ಮೇ ತಿಂಗಳ ಧಗೆಯಲ್ಲಿ ಒಳಗೆ ಕೂತರೆ ಮಗು ಬೆವರಿ ಕಿರಿಕಿರಿ ಮಾಡುತ್ತದೆ. ಆಗ ಜಗಲಿಗೆ ದೀಪ ಹಚ್ಚಿ, ಮಂತ್ರವನ್ನು ಮಾಳಿಗೆ ಮೇಲೆ ಗಾಳಿಗೆ ಕೂತು ಹೇಳಿಕೊಳ್ಳಿ. ಪದ್ಮಾಸನ, ನೆಟ್ಟನೆ ಬೆನ್ನು, ಮುಚ್ಚಿದ ಕಣ್ಣು ಯಾವುದೂ ಮೂರು ವರ್ಷದ ಕೂಸಿಗೆ ಬೇಡ. ತೊಡೆಯ ಮೇಲೆ ಕೂರಲಿ, ನಡುವೆ ಎದ್ದು ಒಂದು ಸುತ್ತು ಹಾಕಿ ಬರಲಿ. ಬಾಯಿ ಸುಮ್ಮನಿದ್ದರೂ ಕಿವಿ ಕೇಳುತ್ತಿರುತ್ತದೆ.

ಆಯಿಯ ಹನ್ನೊಂದು ಬತ್ತಿ

ನಮ್ಮ ಓಣಿಯ ಒಂದು ಮನೆಯಲ್ಲಿ, ಊರಿಂದ ಬಂದ ಆಯಿಯೊಬ್ಬರು ಮೊಮ್ಮಗಳಿಗೆ ಕಲಿಸುವ ರೀತಿಯನ್ನು ನೋಡಿದ್ದೇನೆ. ನಾನು ಬಲ್ಲ ಬಾಲಪಾಠಗಳಲ್ಲಿ ಅದೇ ಶ್ರೇಷ್ಠ. ಆಯಿ ಮುಚ್ಚಂಜೆಗೆ ಅರಳೆ ಹಿಡಿದು ಕೂರುತ್ತಾರೆ. ಚೂರು ಅರಳೆ ಬಿಡಿಸಿ, ಬೆರಳಿಗೆ ವಿಭೂತಿ ಮುಟ್ಟಿಸಿಕೊಂಡು, ಅಂಗೈಯಲ್ಲಿ ಹೊಸೆಯುತ್ತ "ಓಂ ನಮಃ" ಎಂದು ನಿಲ್ಲಿಸುತ್ತಾರೆ. "ಶಿವಾಯ" ಎನ್ನುವುದು ಮೊಮ್ಮಗಳ ಕೆಲಸ. ಅಂದಾದ ಮೇಲೆ ಆ ಬತ್ತಿಯನ್ನು ತೆಗೆದು ತಾಟಿನಲ್ಲಿ ಇಡುವುದೂ ಅವಳದೇ ಕೆಲಸ. ಒಂದು ಬತ್ತಿಗೆ ಒಂದು ಸಲ. ಹನ್ನೊಂದು ಬತ್ತಿಗೆ ಮುಗಿಯಿತು.

"ಆಯಿ, ಇನ್ನೊಂದ್ ಬತ್ತಿ ಮಾಡು."

"ಇವತ್ತಿಗಿ ಸಾಕವ್ವ. ನಾಳಿಗಿ ಬ್ಯಾಡೇನು?"

ಆಯಿ ಅಲ್ಲಿಗೆ ನಿಲ್ಲಿಸಿದ್ದರಲ್ಲಿ ಪಾಠದ ಗುಟ್ಟಿದೆ. ಮಗುವಿಗೆ ಇನ್ನೂ ಬೇಕು ಅನಿಸುವಾಗಲೇ ಮುಗಿಸಬೇಕು. "ಛಲೋ ಹೇಳ್ತಾಳ, ಇನ್ನ ಹತ್ತು ಸಲ ಹೇಳ್ಸೋಣ" ಎಂದು ಎಳೆದರೆ ಮರುದಿನ ಅವಳು ಅಡಗಿಕೊಳ್ಳುತ್ತಾಳೆ. ಎರಡು, ಮೂರು ವರ್ಷದವರಿಗೆ ಎರಡು ನಿಮಿಷ, ನಾಲ್ಕೈದು ವರ್ಷದವರಿಗೆ ಐದು ನಿಮಿಷ. ಅದಕ್ಕಿಂತ ಹೆಚ್ಚು ಬೇಡ. ಕೈಗೆ ಒಂದು ಕೆಲಸ ಕೊಟ್ಟಿದ್ದನ್ನೂ ಗಮನಿಸಿ. ಬತ್ತಿ ಇಲ್ಲದ ಮನೆಯಲ್ಲಿ ಬಿಲ್ವಪತ್ರೆ, ಮಲ್ಲಿಗೆ ಹೂವು, ಬಟ್ಟಲಿನಲ್ಲಿ ಅಕ್ಷತೆ ಆದೀತು. ಎಣಿಕೆಯೂ ಅದರ ಜೊತೆಗೇ ಬರುತ್ತದೆ.

ವೇದಪಾಠಶಾಲೆಗಳಲ್ಲಿ ಸಂಥೆ ಹೇಳಿಕೊಡುವ ಕ್ರಮವೂ ಇದಕ್ಕೆ ದೂರದ್ದಲ್ಲ. ಗುರು ಒಮ್ಮೆ ಹೇಳುತ್ತಾರೆ, ಶಿಷ್ಯರು ಎರಡು ಸಲ ಹೇಳುತ್ತಾರೆ, ಪುಸ್ತಕ ಮುಚ್ಚಿಯೇ ಇರುತ್ತದೆ. ಸಾವಿರಾರು ವರ್ಷ ಬರಹದ ಹಂಗಿಲ್ಲದೆ ವೇದಗಳು ಉಳಿದದ್ದು ಹೀಗೆ. ಯುನೆಸ್ಕೊ 2003ರಲ್ಲಿ ವೇದಪಠಣ ಪರಂಪರೆಯನ್ನು ಮನುಕುಲದ ಅಮೂರ್ತ ಪರಂಪರೆಯೆಂದು ಸಾರಿತು, 2008ರಲ್ಲಿ ಪಟ್ಟಿಗೆ ಸೇರಿಸಿತು. ಮನೆಯಲ್ಲಿ ನಾಲ್ಕು ಸಾಲಿನ ಶ್ಲೋಕ ಕಲಿಸುವಾಗ ಇದನ್ನೇ ಸಣ್ಣದಾಗಿ ಮಾಡಿ. ಶ್ಲೋಕಗಳಲ್ಲಿ ಬಹಳಷ್ಟು ಅನುಷ್ಟುಪ್ ಛಂದಸ್ಸಿನವು, ಪಾದಕ್ಕೆ ಎಂಟು ಅಕ್ಷರದಂತೆ ನಾಲ್ಕು ಪಾದ, ಒಟ್ಟು 32. ಒಂದು ಪಾದ ಹೇಳಲು ಮೂರು ಸೆಕೆಂಡು ಸಾಕು. ಮೊದಲ ವಾರ ಒಂದೇ ಪಾದ. ಅದು ನಾಲಿಗೆಯ ತುದಿಗೆ ಬಂದ ಮೇಲೆ ಎರಡನೆಯದು. ನಾಲ್ಕು ವರ್ಷದ ಮಗುವಿಗೆ ಒಂದು ಶ್ಲೋಕ ಒಂದು ತಿಂಗಳು ಹಿಡಿದರೆ ಅದು ನಿಧಾನವೇನಲ್ಲ.

ಮೂರು ಸೆಕೆಂಡಿನ ಮಾತು ಬಂದದ್ದರಿಂದ ಉಸಿರಿನ ವಿಷಯವನ್ನೂ ಹೇಳಿಬಿಡುತ್ತೇನೆ. ಇಟಲಿಯ ಲುಚಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 23 ಮಂದಿ ಆರೋಗ್ಯವಂತ ವಯಸ್ಕರು ಲ್ಯಾಟಿನ್ ಜಪಮಾಲೆಯ ಪ್ರಾರ್ಥನೆಯನ್ನೂ ಟಿಬೆಟನ್ ಬೌದ್ಧರ ಮಣಿಮಂತ್ರವನ್ನೂ ಹೇಳಿದಾಗ ಅವರ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು, ಹೃದಯದ ಬಡಿತವೂ ಅದಕ್ಕೆ ಹೊಂದಿಕೊಂಡಿತು. ಬಹಳ ಒಳ್ಳೆಯ ಸಂಗತಿ. ಆದರೆ ಅದು ದೊಡ್ಡವರ ಲೆಕ್ಕ. ನಾಲ್ಕು ವರ್ಷದ ಮಗು ಸಹಜವಾಗಿಯೇ ನಿಮಿಷಕ್ಕೆ 20ರಿಂದ 30 ಸಲ ಉಸಿರಾಡುತ್ತದೆ. ಅದಕ್ಕೆ "ಒಂದೇ ಉಸಿರಲ್ಲಿ ಓಂಕಾರ ಎಳೆ" ಎಂದು ಹೇಳುವುದು, ಉಸಿರು ಹಿಡಿಸುವುದು, ಪ್ರಾಣಾಯಾಮ ಮಾಡಿಸುವುದು ಸಲ್ಲ. ಮಂತ್ರ ಹೇಳಿಸಿದರೆ ಬುದ್ಧಿ ಚುರುಕಾಗುತ್ತದೆ, ಮಾರ್ಕ್ಸು ಹೆಚ್ಚುತ್ತದೆ ಎಂಬ ಜಾಹೀರಾತುಗಳನ್ನೂ ನಂಬಿ ಕೂರಬೇಡಿ. ಮಾರ್ಕ್ಸಿಗೆಂದು ಹಿಡಿದ ಮಂತ್ರವನ್ನು ಮಾರ್ಕ್ಸು ಬರದಿದ್ದಾಗ ಬಿಟ್ಟುಬಿಡುತ್ತಾರೆ. ನಾವು ಮಗುವಿಗೆ ಕೊಡುತ್ತಿರುವುದು ದಿನಕ್ಕೊಮ್ಮೆ ದೇವರ ಮುಂದೆ ಮನೆಯವರ ಜೊತೆ ಕೂರುವ ರೂಢಿ. ಅದರ ಬೆಲೆ ಅದರಲ್ಲೇ ಇದೆ.

ನಾಲಿಗೆ ತಿರುಗದಿದ್ದರೆ

ಮಗು "ಚಿವಾಯ" ಅನ್ನುತ್ತದೆ, "ತಿವಾಯ" ಅನ್ನುತ್ತದೆ. ಅನ್ನಲಿ ಬಿಡಿ. ಶ, ಷ, ರ, ಳ, ಣ ಇವು ನಾಲಿಗೆಗೆ ತಡವಾಗಿ ಬರುವ ದನಿಗಳು, ಐದಾರು ವರ್ಷದವರೆಗೂ ತೊದಲುವ ಮಕ್ಕಳಿದ್ದಾರೆ. ನಡುವೆ ತಡೆದು "ಹಾಂಗಲ್ಲ, ಹೀಂಗ" ಎಂದು ತಿದ್ದಿದರೆ ಮಗು ಬಾಯಿ ಬಿಗಿಯುತ್ತದೆ. ತಿದ್ದುವ ಬಗೆ ಒಂದೇ: ಮರುಸಲ ನೀವು ಹೇಳುವಾಗ ಆ ಅಕ್ಷರವನ್ನು ಬಿಡಿಸಿ, ಸ್ಪಷ್ಟವಾಗಿ, ಮಗುವಿಗೆ ನಿಮ್ಮ ತುಟಿ ಕಾಣುವಂತೆ ಹೇಳಿ. ತಪ್ಪು ಹೇಳಿದರೆ ದೇವರು ಸಿಟ್ಟಾಗುತ್ತಾನೆ, ಕಣ್ಣು ಹೋಗುತ್ತದೆ ಎಂದು ಹೆದರಿಸುವ ಚಾಳಿ ಕೆಲವು ಮನೆಗಳಲ್ಲಿದೆ. ದಯಮಾಡಿ ಅದನ್ನು ಬಿಡಿ. ಹೆದರಿದ ಮಗುವಿಗೆ ಜಗಲಿಯ ಕಡೆ ಹೋಗಲೇ ಮನಸ್ಸಾಗುವುದಿಲ್ಲ.

ದೊಡ್ಡವರ ಉಚ್ಚಾರ ಮಾತ್ರ ನೆಟ್ಟಗಿರಬೇಕು, ಮಗು ಅನುಕರಿಸುವುದು ನಿಮ್ಮದನ್ನೇ. 'ನಮಃ' ಎಂಬಲ್ಲಿ ವಿಸರ್ಗ ಹಗುರವಾಗಿ ಬರಬೇಕು, 'ನಮಹಾ' ಎಂದು ಎಳೆಯಬಾರದು. 'ನಮಃ ಶಿವಾಯ', 'ನಮಶ್ಶಿವಾಯ' ಎರಡೂ ಸರಿ, ಮನೆಯಲ್ಲಿ ಎಲ್ಲರೂ ಒಂದನ್ನೇ ಹೇಳಿ. ಮಹಾಪ್ರಾಣಗಳ ವಿಷಯದಲ್ಲಿ ಕಲಬುರಗಿಯ ಮಕ್ಕಳಿಗೆ ಒಂದು ಅನುಕೂಲ ಇದೆ. ಓಣಿಯಲ್ಲಿ ದಖನಿ ಉರ್ದು, ಮರಾಠಿ ಕಿವಿಗೆ ಬೀಳುತ್ತಲೇ ಇರುವುದರಿಂದ 'ಭಾಯಿ', 'ಘರ್' ಅನ್ನುವ ಮಗುವಿಗೆ 'ಭ', 'ಘ' ಹೊಸದಲ್ಲ. "ಭಾಯಿ ಅಂತೀಯಲ್ಲ, ಅದೇ ಭ" ಎಂದರೆ ಹಿಡಿದುಬಿಡುತ್ತದೆ.

ಎರಡು ವರ್ಷ ತುಂಬಿದರೂ ಮಗು ಎರಡು ಪದ ಜೋಡಿಸಿ ಮಾತಾಡದಿದ್ದರೆ, ಕರೆದರೆ ತಿರುಗದಿದ್ದರೆ "ಮಂತ್ರ ಹೇಳಿಸಿದರೆ ಮಾತು ಬರುತ್ತದೆ" ಎಂದು ಕಾಯಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಅಂಗನವಾಡಿ ಮತ್ತು ಶಾಲೆಗಳಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು 18 ವರ್ಷದವರೆಗಿನ ಮಕ್ಕಳನ್ನು ಪುಕ್ಕಟೆ ತಪಾಸಣೆ ಮಾಡುತ್ತವೆ, ಅಲ್ಲಿಂದ ಮುಂದಿನ ದಾರಿ ತೋರಿಸುತ್ತವೆ. ಮಂತ್ರ ಅದರ ಜೊತೆಗೇ ನಡೆಯಲಿ, ಅಡ್ಡಿಯಿಲ್ಲ.

ಮೊಬೈಲು, ಪ್ರಸಾದ, ಕರ್ಪೂರ

ಯೂಟ್ಯೂಬಿನಲ್ಲಿ ಬೊಂಬೆಗಳು ಕುಣಿಯುತ್ತ ಶ್ಲೋಕ ಹೇಳುತ್ತವೆ. ಮಗು ಕಣ್ಣು ಮಿಟುಕಿಸದೆ ನೋಡುತ್ತದೆ, ಶ್ಲೋಕವೂ ಬರುತ್ತದೆ. ಆದರೂ ಬೇಡ ಎನ್ನುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಎರಡು ವರ್ಷದೊಳಗಿನವರಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸು ಮೀರಬಾರದು. ನಿಮಗೇ ಸರಿಯಾಗಿ ಬರದಿದ್ದರೆ ಮಗು ಮಲಗಿದ ಮೇಲೆ ನೀವು ಕೇಳಿ ಕಲಿತುಕೊಳ್ಳಿ, ಮರುದಿನ ನಿಮ್ಮ ದನಿಯಲ್ಲೇ ಹೇಳಿ. ದಿನವಿಡೀ ಒಂದೇ ಮಂತ್ರ ಗುನುಗುವ ವಿದ್ಯುತ್ ಪೆಟ್ಟಿಗೆಯನ್ನೂ ಕೂಸಿರುವ ಮನೆಯಲ್ಲಿ ಬಂದ್ ಮಾಡಿಡುವುದು ಒಳ್ಳೆಯದು. ಯಾವಾಗಲೂ ಕೇಳುತ್ತಿರುವ ಸದ್ದನ್ನು ಕಿವಿ ಬದಿಗೊತ್ತಿಬಿಡುತ್ತದೆ.

ಇನ್ನೊಂದು, ಬಂದವರ ಮುಂದೆ ಹೇಳಿಸುವುದು. "ಕಾಕಾ ಬಂದಾರ, ಶ್ಲೋಕ ಹೇಳು ಪುಟ್ಟಿ" ಎನ್ನುತ್ತಿದ್ದಂತೆ ಮೊಬೈಲುಗಳು ಮೇಲೇಳುತ್ತವೆ, ವಿಡಿಯೊ ಸ್ಟೇಟಸ್ಸಿಗೆ ಹೋಗುತ್ತದೆ. ಮಗು ಅಂದಿನಿಂದ ದೇವರ ಕಡೆ ನೋಡುವುದನ್ನು ಬಿಟ್ಟು ಕ್ಯಾಮರಾ ನೋಡುತ್ತದೆ. ನಾಚುವ ಸ್ವಭಾವದ ಮಗುವಾದರೆ ಅಳುತ್ತದೆ, ಎಲ್ಲರೆದುರು ಗದರಿಸಿಕೊಳ್ಳುತ್ತದೆ. ಶಾಲೆಯ ಶ್ಲೋಕಸ್ಪರ್ಧೆ, ವಚನಸ್ಪರ್ಧೆಗಳಿಗೆ ಏಳು ವರ್ಷದ ಮೇಲೆ ಮಗು ತಾನೇ ಬಯಸಿದರೆ ಹೋಗಲಿ. ಅದಕ್ಕೂ ಮೊದಲು ಮಂತ್ರ ಮನೆಯ ಒಳಗಿನ ಸಂಗತಿಯಾಗಿರಲಿ.

ಪ್ರಸಾದ ಕೂಲಿಯಲ್ಲ. ಹೇಳಿದವರಿಗೂ ಕೊಡಿ, ಹೇಳದೆ ಮೂಲೆಯಲ್ಲಿ ಆಡುತ್ತಿದ್ದವರಿಗೂ ಕೊಡಿ. "ಹೇಳಿದರೇನೇ ಚಾಕೊಲೇಟು" ಎಂಬ ಕರಾರು ಒಮ್ಮೆ ಶುರುವಾದರೆ ನಾಳೆ ಎರಡು ಕೇಳುತ್ತಾರೆ. ಸಕ್ಕರೆ ಚೂರು, ಕಲ್ಲುಸಕ್ಕರೆ, ಒಂದು ಹೋಳು ಹಣ್ಣು ಸಾಕು. ಸೋಮವಾರಕ್ಕೊಮ್ಮೆ ಕಮಲಾಪುರದ ಕೆಂಪು ಬಾಳೆ ತಂದು ನೈವೇದ್ಯ ಹಿಡಿದರೆ ಮಗುವಿಗೆ ಆ ದಿನ ನೆನಪಲ್ಲಿರುತ್ತದೆ. ಭೌಗೋಳಿಕ ಮಾನ್ಯತೆ ಪಡೆದ ನಮ್ಮ ಜಿಲ್ಲೆಯ ಹಣ್ಣು ಅದು, ಘಮವೇ ಬೇರೆ. ಸಣ್ಣ ಕೂಸುಗಳಿಗೆ ಕಿವುಚಿ ಕೊಡಿ. ಕಲ್ಲುಸಕ್ಕರೆಯನ್ನೂ ಪುಡಿ ಮಾಡಿ ಕೊಡಿ.

ಕಲ್ಲುಸಕ್ಕರೆ ಎಂದ ಕೂಡಲೇ ಕರ್ಪೂರದ ಮಾತು ಹೇಳಲೇಬೇಕು, ಏಕೆಂದರೆ ಎರಡು ವರ್ಷದವರ ಕಣ್ಣಿಗೆ ಎರಡೂ ಒಂದೇ. ಪೂಜೆಯ ಕರ್ಪೂರ ನುಂಗಿದ ಮಕ್ಕಳಿಗೆ ಸ್ವಲ್ಪ ಹೊತ್ತಿನಲ್ಲೇ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಕರ್ಪೂರದ ಡಬ್ಬಿ ಕೈಗೆಟುಕದ ಎತ್ತರದಲ್ಲಿರಲಿ, ಪ್ರಸಾದದ ಬಟ್ಟಲಿನ ಪಕ್ಕದಲ್ಲಿ ಎಂದೂ ಬೇಡ. ಮಗು ನುಂಗಿದ್ದು ಕಂಡರೆ, ಅನುಮಾನ ಬಂದರೂ ಸರಿ, ಬೆರಳು ಹಾಕಿ ವಾಂತಿ ಮಾಡಿಸಲು ಹೋಗದೆ ಡಬ್ಬಿ ಸಮೇತ ತಕ್ಷಣ ಆಸ್ಪತ್ರೆಗೆ ಓಡಿ. ರುದ್ರಾಕ್ಷಿ, ತುಳಸಿಯ ಜಪಮಾಲೆಗಳನ್ನು ಮೂರು ವರ್ಷದೊಳಗಿನವರಿಗೆ ಆಡಲು ಕೊಡಬೇಡಿ. ದಾರ ಹರಿದು ಮಣಿ ಗಂಟಲಿಗೆ ಸಿಕ್ಕೀತು. ದಮ್ಮಿನ ತೊಂದರೆ ಇರುವ ಮಗುವಿದ್ದರೆ ಮುಚ್ಚಿದ ಕೋಣೆಯಲ್ಲಿ ಊದಿನಕಡ್ಡಿ ಬೇಡ, ಎಣ್ಣೆಯ ದೀಪವೊಂದೇ ಇರಲಿ. ದೀಪದ ಹತ್ತಿರ ಮಗುವನ್ನು ಬಿಡುವಾಗ ನೈಲಾನ್ ಫ್ರಾಕು ಬೇಡ, ಹತ್ತಿ ಬಟ್ಟೆ ಇರಲಿ, ದೊಡ್ಡವರ ಕೈ ಮಗುವಿನ ಮೇಲಿರಲಿ.

ಅರ್ಥ ಕೇಳಿದಾಗ, ಬೇಡ ಅಂದಾಗ

ನಾಲ್ಕೈದು ವರ್ಷಕ್ಕೆ "ಹಂಗಂದ್ರ ಏನು?" ಶುರುವಾಗುತ್ತದೆ. ಒಂದು ವಾಕ್ಯದಲ್ಲಿ ಹೇಳಿ. ಪಂಚಾಕ್ಷರಿಗೆ "ಶಿವಪ್ಪಗ ಶರಣು ಮಾಡಾಕತ್ತೀವಿ" ಸಾಕು. ತ್ರಿಶರಣಕ್ಕೆ "ಬುದ್ಧನ ಹತ್ತಿರ, ಅವನು ಹೇಳಿದ ಮಾತಿನ ಹತ್ತಿರ, ಆ ಮಾತಿನಂತೆ ನಡೆಯುವವರ ಹತ್ತಿರ ಹೋಗುತ್ತೇವೆ" ಎನ್ನಿ. ಗೊತ್ತಿಲ್ಲದಿದ್ದರೆ "ಆಯಿಗೆ ಫೋನ್ ಮಾಡಿ ಕೇಳೋಣ" ಅನ್ನಿ. ಊರಲ್ಲಿರುವ ಆಯಿಗೆ ಅದಕ್ಕಿಂತ ಸಂತೋಷದ ಫೋನ್ ಇನ್ನಾವುದಿದೆ? ಶರಣಬಸವೇಶ್ವರರು ಹೊಲದ ಹಕ್ಕಿಗಳನ್ನು ಓಡಿಸದೆ ಕಾಳು ತಿನ್ನಲು ಬಿಟ್ಟ ಕಥೆಯನ್ನು ಮಂತ್ರದ ಬೆನ್ನಿಗೆ ಹೇಳಿದರೆ, ಯಾರ ದೇವರು, ಎಂಥ ದೇವರು ಎಂಬುದು ಮಗುವಿಗೆ ವ್ಯಾಖ್ಯಾನಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ಹೋಳಿ ಹುಣ್ಣಿಮೆ ಕಳೆದ ಐದನೆಯ ದಿನ ಶರಣಬಸವೇಶ್ವರರ ಜಾತ್ರೆಯ ತೇರು. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿ. ಮನೆಯಲ್ಲಿ ಸಣ್ಣ ದನಿಯಲ್ಲಿ ಹೇಳಿದ್ದನ್ನು ಅಲ್ಲಿ ಸಾವಿರಾರು ಜನ ಎದೆ ತುಂಬಿ ಹೇಳುವುದನ್ನು ಕೇಳಲಿ. ಶ್ರಾವಣದಲ್ಲಿ ಗುಡಿ, ಮಠಗಳ ಪುರಾಣಕ್ಕೂ ಒಂದರ್ಧ ತಾಸು ಕರೆದೊಯ್ಯಿರಿ, ನಿದ್ದೆ ಬಂದರೆ ಮಡಿಲಲ್ಲೇ ಮಲಗಲಿ.

"ಇವತ್ತು ಬ್ಯಾಡ" ಎನ್ನುವ ದಿನಗಳು ಬರುತ್ತವೆ. ಜ್ವರ, ಹಲ್ಲು, ತಮ್ಮನ ಆಗಮನ, ಶಾಲೆಯ ಜಗಳ ಹೀಗೆ ಕಾರಣ ನೂರು. "ಆಯ್ತವ್ವ" ಎಂದು ನೀವು ನಿಮ್ಮ ಪಾಠ ಮುಗಿಸಿ ಏಳಿ. ಒತ್ತಾಯವೂ ಬೇಡ, ಮುನಿಸೂ ಬೇಡ. ನೀವು ಬಿಟ್ಟರೆ ಮಾತ್ರ ತಪ್ಪು. ಒಂದು ವಾರ ದೂರ ನಿಂತ ಮಗು ಮತ್ತೆ ಬಂದು ಕೂರುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಮನೆಯಲ್ಲಿ ಕಲಿಸುವುದಕ್ಕೂ ಗುರುವಿನಿಂದ ಪಡೆಯುವುದಕ್ಕೂ ನಡುವೆ ಒಂದು ಗೆರೆ ಇದೆ, ಅದನ್ನು ಮರೆಯಬಾರದು. ನಾಮ, ಶ್ಲೋಕ, ವಚನ, ದೇವರನಾಮ ಇವನ್ನು ಯಾರು ಯಾರಿಗಾದರೂ ಹೇಳಿಕೊಡಬಹುದು. ರುದ್ರ, ಪುರುಷಸೂಕ್ತಗಳಂಥ ವೇದಮಂತ್ರಗಳಿಗೆ ಉದಾತ್ತ, ಅನುದಾತ್ತ, ಸ್ವರಿತ ಎಂಬ ಸ್ವರಗಳಿವೆ. ಅವನ್ನು ಆ್ಯಪು ನೋಡಿ ಎಳೆಯ ಮಕ್ಕಳಿಗೆ ತುಂಬಬೇಡಿ, ತಪ್ಪಾಗಿ ಕೂತ ಸ್ವರವನ್ನು ಆಮೇಲೆ ಕೀಳುವುದು ಕಷ್ಟ. ಉಪನಯನದ ಪದ್ಧತಿ ಇರುವ ಮನೆಗಳಲ್ಲಿ ಗಾಯತ್ರಿಗೆ ಗರ್ಭಾಷ್ಟಮದ, ಅಂದರೆ ಗರ್ಭದಿಂದ ಎಣಿಸಿ ಎಂಟನೆಯ ವರ್ಷದ, ಹೊತ್ತು ಇದೆ. ಲಿಂಗಾಯತ ಮನೆಗಳಲ್ಲಿ ಹುಟ್ಟಿದಾಗಲೇ ಜಂಗಮರಿಂದ ಲಿಂಗಧಾರಣೆಯಾದರೂ ಇಷ್ಟಲಿಂಗ ದೀಕ್ಷೆ ಮಗುವಿಗೆ ತಿಳಿವಳಿಕೆ ಬಂದ ಮೇಲೆ, ಗುರುವಿನಿಂದ. ಆ ಹೊತ್ತಿಗೆ ಪಂಚಾಕ್ಷರಿ ಬಾಯಲ್ಲಿ ಪಳಗಿದ್ದರೆ ಗುರುವಿನ ಕೆಲಸ ಅರ್ಧ ಹಗುರ. ಏಳೆಂಟು ವರ್ಷಕ್ಕೆ ಮನೆಯ ಪಾಠ ಸಾಲದು ಅನಿಸಿದರೆ ಹತ್ತಿರದ ಮಠದಲ್ಲಿ, ಚಿನ್ಮಯ ಮಿಷನ್‌ನ ಬಾಲವಿಹಾರದಂಥ ಕಡೆ, ಬುದ್ಧ ವಿಹಾರದಲ್ಲಿ ವಿಚಾರಿಸಿ. ಸೇರಿಸುವ ಮೊದಲು ಒಂದು ದಿನ ನೀವೇ ಹೋಗಿ ಹಿಂದೆ ಕೂತು, ಮಕ್ಕಳನ್ನು ಹೇಗೆ ಮಾತಾಡಿಸುತ್ತಾರೆ ನೋಡಿ ಬನ್ನಿ. ಆಮೇಲೆ ಮಗುವನ್ನೂ ಒಮ್ಮೆ ಕೇಳಿ. "ಈ ವರ್ಷ ಬ್ಯಾಡ" ಎಂದರೆ ಮುಂದಿನ ವರ್ಷ ಮತ್ತೆ ಕೇಳಿದರಾಯಿತು, ಅಲ್ಲಿಯವರೆಗೆ ಮನೆಯ ಪಾಠವೇ ನಡೆದುಕೊಂಡು ಹೋಗಲಿ.